ಎರಡು ಉದ್ದ, ಒಂದು ಗಿಡ್ಡ

ಅವನು ಮೊದಲ ಸಲ ನಮ್ಮ ನೆಲಮಾಳಿಗೆಗೆ ಇಳಿದು ಬಂದಾಗ ನಾನು ಸತ್ತ ಹಕ್ಕಿಯೊಂದರ ಕಣ್ಣಿಗೆ ಹತ್ತಿ ತುಂಬುತ್ತಿದ್ದೆ. ಅವನ ಕೊರಳಲ್ಲಿ ಕಪ್ಪು ವೈರು, ಹೆಗಲಲ್ಲಿ ಭಾರದ ಬ್ಯಾಗು, ಕೈಯಲ್ಲಿ ಉದ್ದನೆಯ ಕೋಲು. ಟ್ಯೂಬ್‌ಲೈಟ್ ರಿಪೇರಿಗೆ ಜನ ಕಳಿಸಿ ಎಂದು ನಾನು ಹತ್ತು ದಿನದಿಂದ ಆಫೀಸಿನ ಬೆನ್ನು ಬಿದ್ದಿದ್ದೆ.

“ಅಂತೂ ಬಂದ್ರಲ್ಲ! ಏಣಿ ಆ ಮೂಲೇಲಿದೆ. ಮೂರನೇ ಟ್ಯೂಬು. ಹುಷಾರು, ಕೆಳಗಡೆ ಟೇಬಲ್ ಮೇಲೆ ಕೊಕ್ಕರೆ ಮಲಗಿದೆ,” ಎಂದೆ, ತಲೆ ಎತ್ತದೆ.

ಅವನು ಒಂದು ಕ್ಷಣ ನಿಂತ. ಆಮೇಲೆ ಬ್ಯಾಗು ಇಳಿಸಿ, ಏಣಿ ಹತ್ತಿ, ಸ್ಟಾರ್ಟರ್ ತಿರುಗಿಸಿ, ಟ್ಯೂಬು ಹೊತ್ತಿಸಿ ಇಳಿದು ಬಂದ. ಕೈ ಒರೆಸಿಕೊಳ್ಳುತ್ತಾ, “ಮೇಡಂ, ಈಗ ಗೂಬೆ ನೋಡಬಹುದಾ?” ಎಂದು ಕೇಳಿದ.

ಅವನು ಕರೆಂಟಿನವನಲ್ಲ. ಸಂಶೋಧನಾ ಸಂಸ್ಥೆಯೊಂದರ ತಾತ್ಕಾಲಿಕ ಕೆಲಸದಲ್ಲಿ ಕಾಡು ಕಾಡು ಅಲೆದು ಹಕ್ಕಿಗಳ ದನಿ ರೆಕಾರ್ಡ್ ಮಾಡುವವನು. ಕೈಯಲ್ಲಿದ್ದದ್ದು ಮೈಕಿನ ಕೋಲು. ಅಷ್ಟು ಹೊತ್ತು ಏಣಿಯ ಮೇಲೆ ನಿಂತವನು ಒಂದು ಮಾತಿಗಾದರೂ ಬಾಯಿ ಬಿಡಬಾರದಿತ್ತೇ?

“ಯಾಕ್ರೀ ಹೇಳಲಿಲ್ಲ?”

“ನೀವು ಕೇಳಲಿಲ್ಲ. ಟ್ಯೂಬು ಹೇಗೂ ಮಿಣುಕ್ತಾ ಇತ್ತು.”

ನನಗೆ ನಗು ತಡೆಯಲಾಗಲಿಲ್ಲ. ನನ್ನ ನಗು ಚಿಕ್ಕಂದಿನಿಂದಲೂ ವಿಚಿತ್ರ. ಮೇಲಿನಿಂದ ಕೆಳಕ್ಕೆ ನಾಲ್ಕು ಮೆಟ್ಟಿಲು ಇಳಿಯುತ್ತದೆ, ಕೊನೆಗೆ ಒಂದು ಬಿಕ್ಕಳಿಕೆ. ಶಾಲೆಯಲ್ಲಿ ಎಲ್ಲರೂ ಅಣಕಿಸುತ್ತಿದ್ದರು. ಅವನು ಮಾತ್ರ ಕೈ ಒರೆಸುವುದನ್ನೂ ಮರೆತು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತುಬಿಟ್ಟ.

“ನಿಮ್ಮನ್ನ ಎಲ್ಲೋ ಕೇಳಿದೀನಿ,” ಎಂದ.

“ಎಲ್ಲೋ ನೋಡಿದೀನಿ ಅನ್ನಬೇಕು ಕಣ್ರೀ. ಅಷ್ಟು ಹಳೇ ಡೈಲಾಗನ್ನೂ ನೆಟ್ಟಗೆ ಹೇಳೋಕೆ ಬರಲ್ವಾ?”

“ನೋಡಿಲ್ಲ. ಕೇಳಿದೀನಿ.” ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖ ಸ್ವಲ್ಪ ಬಿಳಿಚಿಕೊಂಡಿತ್ತು.

ಮೇಲಿನ ಆಫೀಸಿನವರು ಅವನಿಗೆ ಅವತ್ತೇ ‘ಕಿವಿ ಸಾಹೇಬರು’ ಎಂದು ಹೆಸರಿಟ್ಟರು. ನಾನು ಮೊದಲಿನಿಂದಲೂ ‘ಹತ್ತಿ ಮೇಡಂ’. ನಮ್ಮ ಮ್ಯೂಸಿಯಮ್ಮಿನಲ್ಲಿ ಗಾಜಿನ ಕಣ್ಣು ಸಿಗುವುದು ಮೇಲಿನ ಹಾಲ್‌ನಲ್ಲಿ ನಿಂತ ಹಕ್ಕಿಗಳಿಗೆ ಮಾತ್ರ. ಕೆಳಗೆ ಡ್ರಾಯರುಗಳಲ್ಲಿ ಅಂಗಾತ ಮಲಗಿದ ನಾಲ್ಕು ಸಾವಿರ ಹಕ್ಕಿಗಳಿಗೆ ಕಣ್ಣಿನ ಜಾಗದಲ್ಲಿ ಹತ್ತಿ, ಕಾಲಿಗೆ ದಾರದಲ್ಲಿ ಕಟ್ಟಿದ ಚೀಟಿ. ಅಪ್ಪ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೆಲಸ ಅದು. ಅವರು ತೀರಿಹೋಗಿ ಎರಡು ವರ್ಷವಾಗಿತ್ತು, ಈಗ ನಾನು ಮಾಡುತ್ತಿದ್ದೆ.

ಗೂಬೆ ಇದ್ದದ್ದು ಹದಿನೇಳನೇ ಡ್ರಾಯರಿನಲ್ಲಿ, ಒಂಟಿಯಾಗಿ. ಬೂದುಮೊಗದ ಗೂಬೆ. ಆ ಜಾತಿಯದು ಜಗತ್ತಿನಲ್ಲಿ ಉಳಿದಿರುವುದು ಹತ್ತಿ ತುಂಬಿದ ಅದೊಂದೇ ಚರ್ಮ. ಬದುಕಿದ್ದ ಗೂಬೆಯನ್ನು ಕೊನೆಯ ಸಲ ಯಾರೋ ನೋಡಿ ತೊಂಬತ್ತೊಂದು ವರ್ಷವಾಗಿದೆ. ಡ್ರಾಯರ್ ಎಳೆದ ಕೂಡಲೇ ಅವನು ಬರಿಗೈ ಚಾಚಿದ.

“ಮುಟ್ಟಬೇಡಿ!” ನಾನು ಅವನ ಮಣಿಕಟ್ಟಿನ ಮೇಲೆ ಹೊಡೆದೇಬಿಟ್ಟೆ. “ಹಳೇ ಚರ್ಮಕ್ಕೆಲ್ಲ ಪಾಷಾಣ ಹಚ್ಚಿದಾರೆ. ಗ್ಲೌಸ್ ಇಲ್ದೆ ಏನೂ ಮುಟ್ಟೋ ಹಾಗಿಲ್ಲ. ಮುಖ ಮುಟ್ಕೊಳ್ಳೋ ಹಾಗಿಲ್ಲ. ಹೋಗೋವಾಗ ಮೊಣಕೈವರೆಗೂ ಸೋಪು ಹಾಕಿ ಎರಡು ಸಲ ತೊಳೀಬೇಕು.”

“ಮತ್ತೆ ನೀವು ಈಗ ನನ್ನ ಮುಟ್ಟಿದ್ರಿ?”

ನಾನು ಗ್ಲೌಸ್ ಹಾಕಿದ್ದೆ. ಅವನು ತೊಳೆಯಬೇಕಾಯಿತು. ತೊಳೆಯುವಾಗ ನನ್ನ ಕಡೆಯೇ ನೋಡುತ್ತಿದ್ದ, ನಾನು ನೋಡಿದರೆ ಸೋಪಿನ ಕಡೆ ನೋಡುತ್ತಿದ್ದ.

ಅವನು ಬಂದದ್ದು ಹೋಲಿಸಿ ನೋಡುವುದಕ್ಕೆ. ಒಂದು ಕಡೆ ಅಳಿದುಹೋದ ಈ ಗೂಬೆ. ಇನ್ನೊಂದು ಕಡೆ ಇವತ್ತಿಗೂ ಕಾಡಿನಲ್ಲಿ ಹಾಡುವ, ಅಂಗೈಯಷ್ಟೇ ಉದ್ದದ ಕಂದು ಸಿಳ್ಳೆಹಕ್ಕಿ. ಸಿಳ್ಳೆಹಕ್ಕಿ ಕೇಳಿದ್ದನ್ನೆಲ್ಲ ಕಲಿತು ಒಪ್ಪಿಸುತ್ತದೆ. ಮರ ಕೊಯ್ಯುವ ಗರಗಸ, ಬಸ್ಸಿನ ಬ್ರೇಕು, ಬೇರೆ ಹಕ್ಕಿಗಳ ಜಗಳ, ಯಾವುದನ್ನೂ ಬಿಡುವುದಿಲ್ಲ. ಅಂಥದೊಂದು ಹಕ್ಕಿ ಬೆಳಗಿನ ಜಾವ ಕಾಡಿನಲ್ಲಿ ಯಾರೂ ಕೇಳದ ಒಂದು ಕೂಗು ಹಾಕಿದ್ದನ್ನು ಅವನು ಹಿಡಿದಿದ್ದ.

ಗೂಬೆಯ ಡ್ರಾಯರಿನಲ್ಲಿ, ಅದನ್ನು ಹಿಡಿದು ತಂದವನು ಬರೆದಿಟ್ಟ ಚೀಟಿಯಿದೆ. ‘ಕೂಗು: ಎರಡು ಉದ್ದ, ಒಂದು ಗಿಡ್ಡ. ಕೊನೆಗೆ ಇಳಿಯುತ್ತದೆ.’ ಅಷ್ಟೇ. ಆ ಗೂಬೆಯ ದನಿಯ ಬಗ್ಗೆ ಲೋಕಕ್ಕೆ ಗೊತ್ತಿರುವುದು ಆ ಒಂದು ಸಾಲು.

“ನನ್ನ ಹಕ್ಕಿ ಕೂಗಿದ್ದೂ ಹಾಗೇ,” ಎಂದ. “ಸಿಳ್ಳೆಹಕ್ಕಿ ಬದುಕೋದು ಏಳೆಂಟು ವರ್ಷ. ತೊಂಬತ್ತು ವರ್ಷದಿಂದ ಹಕ್ಕಿಯಿಂದ ಹಕ್ಕಿಗೆ ಬಂದಿದ್ರೆ ದನಿ ಸವೆದು ಹೋಗಿರಬೇಕಿತ್ತು. ಇದು ಸವೆದಿಲ್ಲ. ಇತ್ತೀಚೆಗೆ ಯಾರೋ ಕಲಿಸಿದಾರೆ.”

“ಯಾರು?”

ಅವನು ಗೂಬೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ. “ಅದು ಇನ್ನೂ ಇದೆ ಅನ್ಸುತ್ತೆ.”

ಟ್ಯೂಬು ಈಗ ಸರಿಯಾಗಿಯೇ ಉರಿಯುತ್ತಿತ್ತು. ಆದರೂ ನಾನು ತಲೆಯೆತ್ತಿ ಅದನ್ನೊಮ್ಮೆ ನೋಡಿದೆ.

ಎಲ್ಲಿ ಹಿಡಿದದ್ದು ಎಂದು ಕೇಳಿದರೆ ಹೇಳಲಿಲ್ಲ. ಕೇಳಿಸಿ ಎಂದರೆ ಕೇಳಿಸಲಿಲ್ಲ. ನಮ್ಮ ಮುಖ್ಯಸ್ಥೆಯ ಆಜ್ಞೆಯಂತೆ ಅದು. ಅವರನ್ನು ನಾವೆಲ್ಲ ಹಿಂದಿನಿಂದ ‘ಹೆಡ್‌ಮಿಸ್’ ಎನ್ನುತ್ತೇವೆ. ಮೂರು ವಾರ ಬಿಟ್ಟು ಒಂದು ಶುಕ್ರವಾರ ಪತ್ರಿಕೆಯವರನ್ನು ಕರೆದು ಸುದ್ದಿ ಹೇಳುವುದು, ಅಲ್ಲಿಯವರೆಗೆ ಆ ದನಿ ಯಾರ ಕಿವಿಗೂ ಬೀಳಬಾರದು ಎಂದಿದ್ದರು. ಅವನು ನನಗೆ ಲ್ಯಾಪ್‌ಟಾಪಿನಲ್ಲಿ ದನಿಯ ಚಿತ್ರ ಮಾತ್ರ ತೋರಿಸಿದ. ಕಪ್ಪು ಪರದೆಯ ಮೇಲೆ ಎರಡು ಉದ್ದ ಗೆರೆ, ಒಂದು ಗಿಡ್ಡ ಗೆರೆ, ಅದರ ತುದಿಯಲ್ಲಿ ಒರೆಸಿದಂಥ ಒಂದು ಮಸುಕು.

“ಈ ಮಸುಕು ಏನು?”

“ಗೊತ್ತಿಲ್ಲ. ‘ಸ್’ ಅಂತ ಒಂದು ಗಾಳಿ. ಚೀಟೀಲಿ ಅದಿಲ್ಲ. ಅದಕ್ಕೇ ಗೂಬೆ ಕೊಕ್ಕು ನೋಡಬೇಕು.”

ಮರುದಿನದಿಂದ ಅವನು ದಿನಾ ಬಂದ. ಬಿಳಿ ಕಾಗದದ ಮೇಲೆ ಎಡಕ್ಕೆ ಗೂಬೆ, ಬಲಕ್ಕೆ ಕಿಟಕಿಯ ಗಾಜಿಗೆ ಬಡಿದು ಸತ್ತ, ನಾನೇ ಹೋದ ತಿಂಗಳು ತುಂಬಿದ ಸಿಳ್ಳೆಹಕ್ಕಿ. ರೆಕ್ಕೆ ಅಳೆದ, ಕೊರಳು ಅಳೆದ, ನಾನು ಹೇಳಿದ್ದನ್ನು ಬರೆದುಕೊಂಡ. ಗೂಬೆಯ ಎರಡು ಕಿವಿತೂತುಗಳು ಒಂದೇ ಎತ್ತರದಲ್ಲಿಲ್ಲ ಎಂದು ನಾನು ತೋರಿಸಿದಾಗ ಮಗುವಿನ ಹಾಗೆ ಖುಷಿಪಟ್ಟ.

“ಒಂದು ಮೇಲೆ, ಒಂದು ಕೆಳಗೆ. ಕತ್ತಲಲ್ಲಿ ಶಬ್ದ ಎಲ್ಲಿಂದ ಬಂತು ಅಂತ ಅದಕ್ಕೆ ಥಟ್ಟಂತ ಗೊತ್ತಾಗ್ತಿತ್ತು. ನನಗೂ ಹಾಗಿದ್ದಿದ್ರೆ!”

“ನಿಮ್ಮ ಕಿವಿಗಳೂ ಸಮ ಇಲ್ಲ. ಎಡಗಡೇದು ಸ್ವಲ್ಪ ಕೆಳಗಿದೆ.”

“ಅಷ್ಟು ನೋಡಿದೀರಾ?”

ನಾನು ಹತ್ತಿಯ ಡಬ್ಬ ಹುಡುಕಲು ಹೋದೆ. ಡಬ್ಬ ಕೈಯಲ್ಲೇ ಇತ್ತು.

ಇನ್ನೊಂದು ದಿನ ಮೈಕು ನೆಟ್ಟು, ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. “ಕಣ್ಣು ಮುಚ್ಚಿ. ಒಂದೊಂದೇ ಗರಿ ಬೀಸ್ತೀನಿ. ಯಾವುದು ಅಂತ ಹೇಳಿ.” ಆ ಕೋಣೆಯ ಮೌನ ಕಿವಿಯೊಳಗೆ ದಪ್ಪಗೆ ತುಂಬಿಕೊಂಡಿತು. ನಾಲ್ಕು ಸಾವಿರ ಹಕ್ಕಿಗಳಿದ್ದೂ ಒಂದು ಸದ್ದಿಲ್ಲದ ಕೋಣೆ. ಆಮೇಲೆ ‘ಫ್ರ್ರ್’ ಎಂದು ಒಂದು ಸಣ್ಣ ಸದ್ದು ಹಾದುಹೋಯಿತು.

“ಇದು ಸಿಳ್ಳೆಹಕ್ಕಿ. ಈಗ ಗೂಬೇದು ಬೀಸಿ.”

ಕಾದೆ. ನನ್ನದೇ ಉಸಿರು, ಅವನ ಉಸಿರು. ಎರಡೂ ಹತ್ತಿರದಲ್ಲಿದ್ದವು.

“ಬೀಸ್ರೀ ಬೇಗ.”

“ಮೂರು ಸಲ ಬೀಸಿದೆ,” ಎಂದ ಮೆಲ್ಲಗೆ.

ಕಣ್ಣು ಬಿಟ್ಟೆ. ಗೂಬೆಯ ಉದುರಿದ ಗರಿ ನನ್ನ ಕೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು. ಸತ್ತು ತೊಂಬತ್ತು ವರ್ಷವಾದರೂ ಅದು ಸದ್ದಿಲ್ಲದೆ ಹತ್ತಿರ ಬರುವುದನ್ನು ಬಿಟ್ಟಿರಲಿಲ್ಲ. ಗರಿಯ ಹಿಂದೆ ಅವನ ಮುಖವಿತ್ತು. ಇಬ್ಬರ ಕೈಯಲ್ಲೂ ಗ್ಲೌಸ್, ಗ್ಲೌಸಿನ ಮೇಲೆ ಪಾಷಾಣ. ನನಗೆ ಜೀವನದಲ್ಲಿ ಮೊದಲ ಸಲ ನಮ್ಮ ರೂಲ್ಸಿನ ಮೇಲೆ ಸಿಟ್ಟು ಬಂತು.

ನಾಲ್ಕನೇ ದಿನ ಅವನು ಭೂತಗನ್ನಡಿ ಹಿಡಿದು ಗೂಬೆಯ ಕೊಕ್ಕಿನ ಮೇಲೆ ಬಗ್ಗಿದವನು, “ಸಿಕ್ತು!” ಎಂದು ಕೂಗಿದ. ಕೊಕ್ಕಿನ ಬಲಬದಿಯಲ್ಲಿ ಕೂದಲೆಳೆಯಂಥ ಒಂದು ಸೀಳು. “ನೋಡಿ, ನೋಡಿ! ಈ ಸೀಳಿನಿಂದಲೇ ಗಾಳಿ ‘ಸ್’ ಅಂತ ಹೋಗೋದು. ಬೇರೆ ಯಾವ ಗೂಬೆಗೂ ಇದಿಲ್ಲ. ಹತ್ತಿ ಮೇಡಂ, ನನ್ನ ಕೆಲಸ ಖಾಯಂ ಆಯ್ತು ಅಂದ್ಕೊಳ್ಳಿ!”

ನಾನು ಗೂಬೆಯನ್ನು ಮೆಲ್ಲಗೆ ಡ್ರಾಯರಿಗೆ ಸೇರಿಸಿದೆ.

ಆ ಸೀಳು ಗೂಬೆಯದಲ್ಲ. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಜೊತೆ ಬಂದು, ಬೇಡ ಬೇಡ ಎಂದರೂ ಹದಿನೇಳನೇ ಡ್ರಾಯರ್ ಎಳೆದು, ಗೂಬೆಯನ್ನು ನೆಲಕ್ಕೆ ಬೀಳಿಸಿದ್ದು ನಾನು. ಕೊಕ್ಕಿನ ಚೂರು ಎಗರಿ ಹೋಗಿತ್ತು. ಅಪ್ಪ ಅದನ್ನು ಹುಡುಕಿ, ಮೇಣದಲ್ಲಿ ಅಂಟಿಸಿ, ಬಣ್ಣ ಹಚ್ಚಿ, “ಇದು ನಿನಗೆ ನನಗೆ ಅಷ್ಟೇ ಗೊತ್ತು,” ಎಂದಿದ್ದರು. ಲೋಕದ ಒಂದೇ ಒಂದು ಚರ್ಮವನ್ನು ಮಗಳು ಮುರಿದಳು, ತಂದೆ ಮುಚ್ಚಿಟ್ಟ. ಗೊತ್ತಾದರೆ ನನ್ನ ಕೆಲಸ ಹೋಗುವುದಿರಲಿ, ಸತ್ತ ಅಪ್ಪನ ಹೆಸರಿಗೂ ಮಸಿ.

ಹೇಳದೆ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಸುಳ್ಳು ಹೇಳುವುದಿಲ್ಲ. ಹೇಳಿದರೆ ಅವನು ನಾಳೆಯಿಂದ ಬರುವುದಿಲ್ಲ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳದ ಬೆಳಗನ್ನು ನೆನೆಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಹೀಗೆ ಎರಡೂವರೆ ವಾರ ಕಳೆಯಿತು. ಶುಕ್ರವಾರಕ್ಕೆ ಮೂರೇ ದಿನವಿತ್ತು. ಆ ಮಂಗಳವಾರ ಸಂಜೆ ಅವನು ನಮ್ಮ ಮನೆಗೆ ಬಂದ. ಹಕ್ಕಿಗಳ ಕಾಲಿಗೆ ಕಟ್ಟುವ ಚೀಟಿಗಳಿಗೆ ದಾರ ಪೋಣಿಸುವುದು ಅಮ್ಮನ ಕೆಲಸ, ಅಪ್ಪ ಇದ್ದಾಗಿನಿಂದ ಬಂದದ್ದು. ಅವತ್ತು ಚೀಟಿಯ ಕಟ್ಟು ದೊಡ್ಡದಿತ್ತು, “ಕೊಡಿ, ಹೊತ್ಕೊಂಡು ಬರ್ತೀನಿ,” ಎಂದ. ನಾನೂ ಬೇಡವೆನ್ನಲಿಲ್ಲ.

ಅಮ್ಮ ಒಳಗೆ ಹಾಲು ಕಾಯಿಸುತ್ತಿದ್ದಳು. ಮುಂದಿನ ಕೋಣೆಯಲ್ಲಿ ಅವನು ಕುರ್ಚಿಯ ತುದಿಯಲ್ಲಿ ಕೂತು, ಬ್ಯಾಗಿನಿಂದ ಮುಷ್ಟಿಗಾತ್ರದ ಸ್ಪೀಕರ್ ತೆಗೆದ. ಕಿವಿಗಳು ಕೆಂಪಾಗಿದ್ದವು.

“ಶುಕ್ರವಾರ ಎಲ್ಲರೂ ಕೇಳ್ತಾರೆ. ಅದಕ್ಕಿಂತ ಮುಂಚೆ ನೀವು ಕೇಳಬೇಕು ಅನ್ನಿಸ್ತು. ಬೇರೆ ಯಾರಿಗೂ ಕೇಳಿಸಿಲ್ಲ. ನನ್ನ ಹತ್ರ ಇರೋದ್ರಲ್ಲಿ ಒಳ್ಳೇದು ಅಂದ್ರೆ ಇದೇ.”

ಹೂವು ಕೊಡುವವರಿದ್ದಾರೆ, ಉಂಗುರ ಕೊಡುವವರಿದ್ದಾರೆ. ಇವನು ಸತ್ತ ಗೂಬೆಯ ಕೂಗು ತಂದಿದ್ದ. ನನಗೆ ಎದೆ ತುಂಬಿ ಬಂತು. “ಹಾಕಿ,” ಎಂದೆ.

ಮೊದಲು ಎಲೆಗಳ ಸರಸರ. ಆಮೇಲೆ ಎರಡು ಉದ್ದ, ಒಂದು ಗಿಡ್ಡ. ಕೊನೆಗೆ ‘ಸ್’.

ನಾನು ಏನಾದರೂ ಅನ್ನುವ ಮೊದಲೇ ಅಡುಗೆಮನೆಯಿಂದ ಅಮ್ಮನ ದನಿ ಕೇಳಿತು. ಗಾಬರಿಯಿಲ್ಲ, ಆಶ್ಚರ್ಯವಿಲ್ಲ, ದಿನವೂ ಹೇಳುವ ಮಾತಿನಂತೆ ಅಷ್ಟು ಸಲೀಸು.

“ಬಂದ್ರಾ? ಬಾಗಿಲು ತೆಗೆದೇ ಇದೆ.”

ಆಮೇಲೆ ಒಳಗೆ ಎಲ್ಲ ಸದ್ದೂ ನಿಂತಿತು. ಹಾಲು ಉಕ್ಕಿ ಒಲೆಯ ಮೇಲೆ ಚುರ್ ಎಂದದ್ದು ಮಾತ್ರ ಕೇಳಿಸಿತು.

ಅವನು ಗೇಟಿನ ಕಡೆ ತಿರುಗಿ ನೋಡಿದ. “ಯಾರಾದ್ರೂ ಬಂದ್ರಾ?”

“ಇಲ್ಲ... ಅಮ್ಮಂಗೆ ಸ್ವಲ್ಪ ಮರೆವು,” ಎಂದುಬಿಟ್ಟೆ.

ಅಮ್ಮ ಬಾಗಿಲಿಗೆ ಬಂದಳು. ಅವನನ್ನು ದಾಟಿ ಗೇಟನ್ನು ನೋಡಿದಳು, ಆಮೇಲೆ ಸ್ಪೀಕರನ್ನು ನೋಡಿದಳು. ಹಕ್ಕಿಯ ರೆಕಾರ್ಡಿಂಗು ಎಂದು ನಾನು ಹೇಳಿದಾಗ “ಹಕ್ಕಿನಾ?” ಎಂದು ತಲೆಯಾಡಿಸಿ, ಉಳಿದ ಹಾಲನ್ನು ಅವನಿಗೆ ಕೊಟ್ಟಳು. ಅವನು ಕುಡಿದು, ಸಂತೋಷದಿಂದ ಹೋದ. ಗೇಟಿನ ಚಿಲಕ ಬಿದ್ದ ಮೇಲೆ ಅಮ್ಮ ಚೀಟಿಯ ಕಟ್ಟು ಬಿಚ್ಚಿ ದಾರ ಪೋಣಿಸುತ್ತಾ ಕೂತಳು.

“ಮುಂದಿನ ಹಲ್ಲು ಹೋದ ಮೇಲಿನ ಸಿಳ್ಳೆ ಅದು. ಮೊದ್ಲೆಲ್ಲಾ ಕೊನೇಲಿ ‘ಸ್’ ಅಂತಿರಲಿಲ್ಲ,” ಎಂದಳು. “ನನಗೆ ಮರೆವು ಅಂದ್ಯಲ್ಲೇ?”

ನನಗೆ ತಲೆ ಎತ್ತಲಾಗಲಿಲ್ಲ.

“ಇನ್ನೊಂದು ಸಲ ಕೇಳಿಸ್ತಾರಾ ಅವರು?”

ಅಪ್ಪ ದಿನಾ ಸಂಜೆ ಗೇಟಿನಲ್ಲಿ ಹಾಕುತ್ತಿದ್ದ ಸಿಳ್ಳೆ. ಭಾನುವಾರ ಬೆಳಿಗ್ಗೆ ಕಾಡಿನಲ್ಲಿ ಹಾಕುತ್ತಿದ್ದ ಸಿಳ್ಳೆ. ಗೂಬೆ ಮುರಿದ ಮೇಲೆ ನಾನು ಮೂರು ದಿನ ಊಟ ಬಿಟ್ಟಿದ್ದೆ, ಕೊಕ್ಕು ಕೇಳಿಕೊಂಡು ಗೂಬೆ ಕಿಟಕಿಗೆ ಬರುತ್ತದೆ ಎಂದು ಹೆದರಿ. ಅಪ್ಪ ನನ್ನನ್ನು ಕೊನೆಯ ಬಸ್‌ಸ್ಟಾಪಿನಾಚೆಯ ಕಾಡಿಗೆ ಕರೆದುಕೊಂಡು ಹೋಗಿ, ಒಂದು ಬಂಡೆಯ ಮೇಲೆ ಕೂರಿಸಿ, ಡ್ರಾಯರಿನ ಚೀಟಿಯಲ್ಲಿ ಓದಿದ್ದ ಹಾಗೆ ಸಿಳ್ಳೆ ಹಾಕಿದ್ದರು. “ಗೂಬೆಗೆ ಸಾರಿ ಹೇಳಿದೀನಿ. ಏನನ್ನುತ್ತೋ ನೋಡೋಣ,” ಎಂದು ಕಿವಿಗೆ ಕೈಯಿಟ್ಟು ಕಾಯುತ್ತಿದ್ದರು. ಆ ಕಾಯುವ ಮುಖ ನೋಡಿ ನನಗೆ ನಗು ಬರುತ್ತಿತ್ತು. ಅದು ಅಭ್ಯಾಸವಾಯಿತು. ಅವರು ಹೋಗುವವರೆಗೂ ಪ್ರತಿ ಭಾನುವಾರ ಅದೇ ಬಂಡೆ, ಅದೇ ಸಾರಿ.

ಚೀಟಿಯ ಸಾಲು ಅವನ ಬಾಯಲ್ಲಿ ಕೇಳಿದಾಗಲೇ ಅಪ್ಪನ ಸಿಳ್ಳೆ ನೆನಪಾಗಿತ್ತು. ಅಪ್ಪನೂ ಅದೇ ಚೀಟಿ ಓದಿದವರಲ್ಲವೇ ಎಂದು ಸುಮ್ಮನಾಗಿದ್ದೆ. ಮೇಲಿನ ಕೊಂಬೆಯಲ್ಲಿ ಕೂತು ಯಾರೋ ಪಾಠ ಕಲಿಯುತ್ತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ. ಮೂರು ವಾರ ನಾನು ಅಪ್ಪನ ದನಿಯನ್ನು ಪರದೆಯ ಮೇಲೆ ನೋಡುತ್ತಿದ್ದೆ. ಆ ಮಸುಕು ಅವರ ಬಿದ್ದ ಹಲ್ಲು.

ಬುಧವಾರ ಜ್ವರವೆಂದು ರಜೆ ಹಾಕಿದೆ. ಗುರುವಾರ ಅವನು ಬರುವ ಹೊತ್ತಿಗೆ ಗೂಬೆಯನ್ನು ಬಿಳಿ ಕಾಗದದ ಮೇಲೆ ಇಟ್ಟುಕೊಂಡು ಕಾದಿದ್ದೆ.

“ಕೂತ್ಕೊಳ್ಳಿ. ನಡುವೆ ಮಾತಾಡಬೇಡಿ,” ಎಂದೆ.

ಸೂಜಿಯನ್ನು ಬಿಸಿ ಮಾಡಿ ಸೀಳಿನ ಮೇಲೆ ಎಳೆದೆ. ಹಳೆಯ ಮೇಣ ಕರಗಿ ಹನಿಯಾಯಿತು. ಕೊಕ್ಕಿನ ಚೂರು ಕಾಗದದ ಮೇಲೆ ಉದುರಿತು, ಅಕ್ಕಿಕಾಳಿನಷ್ಟು. ಅವನು ಅದನ್ನೇ ನೋಡುತ್ತಿದ್ದ. ನಾನು ಗೂಬೆ ಬೀಳಿಸಿದ್ದು, ಅಪ್ಪನ ಮೇಣ, ಬಂಡೆ, ಸಿಳ್ಳೆ, ಹಲ್ಲು, ಅಮ್ಮ ಕೊಟ್ಟ ಉತ್ತರ, ಇನ್ನೊಂದು ಸಲ ಕೇಳಬೇಕೆಂಬ ಅವಳ ಆಸೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

“ಬಂಡೆ ಪಕ್ಕ ಒಣಗಿದ ಮರ ಇದೆಯಾ? ಎರಡಾಗಿ ಸೀಳಿರೋದು?”

“ಹೂಂ.”

ಅವನು ಭೂತಗನ್ನಡಿಯನ್ನು ಪಕ್ಕಕ್ಕೆ ಸರಿಸಿದ. “ನಿಮಗೆ ಯಾವಾಗಿಂದ ಗೊತ್ತು?”

“ಕೊಕ್ಕಿಂದು ಮೊದಲಿಂದ. ಸಿಳ್ಳೆ ಮೊನ್ನೆಯಿಂದ.”

“ಆ ಸೀಳಿನ ಬಗ್ಗೆ ನಾನು ಹನ್ನೊಂದು ಪುಟ ಬರೆದೆ. ನೀವು ಪಕ್ಕದಲ್ಲೇ ಕೂತಿದ್ರಿ. ಪೆನ್ನಿಗೆ ಇಂಕು ಮುಗಿದಾಗ ನಿಮ್ಮ ಪೆನ್ನು ಕೊಟ್ರಿ.”

“ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅನ್ನಿಸ್ತು. ನೀವು ಬರಬೇಕಿತ್ತು ನನಗೆ. ಅಷ್ಟೇ.”

ಅವನು ಎದ್ದ. ಬ್ಯಾಗು ಹೆಗಲಿಗೆ ಹಾಕಿದ. ಮೆಟ್ಟಿಲವರೆಗೆ ಹೋದ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, ಅದೂ ಅಳುವಿನ ಮಧ್ಯೆ. “ಕೈ ತೊಳ್ಕೊಂಡು ಹೋಗಿ!”

ವಾಪಸ್ ಬಂದ. ಮೊಣಕೈವರೆಗೂ ಸೋಪು ಹಾಕಿ ಎರಡು ಸಲ ತೊಳೆದ. ನನ್ನ ಕಡೆ ನೋಡಲಿಲ್ಲ. ಹೊರಟುಹೋದ. ನಾಲ್ಕು ಸಾವಿರ ಜೊತೆ ಹತ್ತಿಯ ಕಣ್ಣುಗಳ ನಡುವೆ ನಾನೊಬ್ಬಳೇ ಮನಸಾರೆ ಅತ್ತೆ.

ಶುಕ್ರವಾರ ಮೇಲಿನ ಹಾಲ್‌ನಲ್ಲಿ ಸಾಲು ಸಾಲು ಕುರ್ಚಿ, ಕ್ಯಾಮೆರಾ. ಹೆಡ್‌ಮಿಸ್ ಹೊಸ ಸೀರೆ ಉಟ್ಟಿದ್ದರು. ಅವನು ಮೈಕಿನ ಮುಂದೆ ನಿಂತು, “ಗೂಬೆ ಇಲ್ಲ,” ಎಂದ. “ಆ ಹಕ್ಕಿ ಒಬ್ಬ ಮನುಷ್ಯನ ಸಿಳ್ಳೆ ಕಲಿತಿತ್ತು. ನಾನು ಗೂಬೆ ಅಂದ್ಕೊಂಡೆ. ತಪ್ಪು ನನ್ನದು. ಕ್ಷಮಿಸಿ.” ಕೊಕ್ಕಿನ ಮಾತೇ ಎತ್ತಲಿಲ್ಲ. ಯಾರೋ ಮುಂದಿನ ಸಾಲಿನಲ್ಲಿ ನಕ್ಕರು. ಅವನ ಕಿವಿಗಳು ಕೆಂಡದಂತಾದವು. ಅದನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

ಎದ್ದು ನಿಂತು, “ತಪ್ಪು ಅವರದ್ದಲ್ಲ. ಆ ಗೂಬೆಯ ಕೊಕ್ಕು ಮುರಿದಿದ್ದು ನಾನು. ಅವರಿಗೆ ಹೇಳದೆ ಮುಚ್ಚಿಟ್ಟಿದ್ದೂ ನಾನೇ,” ಎಂದೆ. ಅಪ್ಪ ಅಂಟಿಸಿದ್ದನ್ನೂ ಹೇಳಿದೆ.

ಹೆಡ್‌ಮಿಸ್ ನನ್ನನ್ನು ಒಳಗೆ ಕರೆದು ಅರ್ಧ ಗಂಟೆ ಬೈದರು. ಹದಿನೇಳನೇ ಡ್ರಾಯರಿನ ಕೀಲಿ ಕಿತ್ತುಕೊಂಡರು. ಕೆಲಸ ಉಳಿಯಿತು, ಹೇಗೆಂದು ನನಗೂ ಗೊತ್ತಿಲ್ಲ. ಕೊನೆಗೆ ಒಂದು ಖಾಲಿ ಚೀಟಿ ಮುಂದಿಟ್ಟು, “ಇದರಲ್ಲಿ ಬರೆದು ಅದರ ಕಾಲಿಗೆ ಕಟ್ಟು. ನಿಮ್ಮಪ್ಪನ ಹೆಸರೂ ಹಾಕು,” ಎಂದರು. ಅಮ್ಮ ದಾರ ಪೋಣಿಸಿದ ಚೀಟಿ ಅದು. ಅಪ್ಪನ ಹೆಸರನ್ನು ನಾನು ಚೆನ್ನಾದ ಅಕ್ಷರದಲ್ಲಿ ಬರೆದೆ.

ಹೊರಗೆ ಬಂದರೆ ಅವನು ಮೆಟ್ಟಿಲ ಮೇಲೆ ಕೂತಿದ್ದ. ಅವನ ಕೆಲಸ ವರ್ಷದ ಕೊನೆಗೆ ಮುಗಿಯುತ್ತದೆಂದು ಫೋನು ಬಂದಿತ್ತಂತೆ.

“ನೀವ್ಯಾಕೆ ಎದ್ದಿದ್ದು? ನಾನು ಹೇಳ್ತಾನೇ ಇರಲಿಲ್ಲ.”

“ನಾನು ಮುರಿದ ಗೂಬೆನ ನಿಮ್ಮ ಮೇಲೆ ಯಾಕೆ ಕೂರಿಸಲಿ?”

ಅವನು ತಡೆಯಲು ನೋಡಿದ, ಆಗದೆ ನಕ್ಕ. ನಕ್ಕು ಮುಗಿದ ಮೇಲೆ, “ಭಾನುವಾರ ಬೆಳಿಗ್ಗೆ ಬರ್ತೀರಾ? ಅಮ್ಮನ್ನೂ ಕರ್ಕೊಂಡು ಬನ್ನಿ. ಇನ್ನೊಂದು ಸಲ ಕೇಳ್ಬೇಕು ಅಂದ್ರು ಅಂದ್ರಲ್ಲ,” ಎಂದ.

ಭಾನುವಾರ ಕಾಡಿನ ತುಂಬ ಮಂಜು. ಸೀಳಿದ ಮರದ ಅರ್ಧ ಕಾಣುತ್ತಿತ್ತು, ಅರ್ಧ ಇರಲಿಲ್ಲ. ಅಮ್ಮ ಶಾಲು ಹೊದ್ದು ಬಂಡೆಯ ಮೇಲೆ ಕೂತಳು, ಅಪ್ಪ ಕೂರುತ್ತಿದ್ದ ಜಾಗದಲ್ಲೇ. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಅವನು ಮೈಕು ತಂದಿದ್ದ, ಆದರೆ ಬ್ಯಾಗಿನಿಂದ ತೆಗೆಯಲಿಲ್ಲ. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬಹಳ ಹೊತ್ತು ಬೇರೇನೂ ಇರಲಿಲ್ಲ.

ಆಮೇಲೆ ನಮ್ಮ ತಲೆಯ ಮೇಲೆಯೇ, ಎರಡು ಉದ್ದ, ಒಂದು ಗಿಡ್ಡ. ‘ಸ್’.

“ಬಂದ್ರಾ?” ಎಂದಳು ಅಮ್ಮ. ಮುಂದಿನ ಮಾತಿಗೆ ಅಲ್ಲಿ ಬಾಗಿಲಿರಲಿಲ್ಲ. ಅವಳ ಕೈ ಶಾಲಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಹಕ್ಕಿ ಕಾಣಿಸಲಿಲ್ಲ. ಒಂದು ಗಳಿಗೆ ಬಿಟ್ಟು, ಅದೇ ಕೊಂಬೆಯಿಂದ, ಸಣ್ಣ ದನಿಯಲ್ಲಿ ಇನ್ನೊಂದು ಹಾಡು ಇಳಿಯಿತು. ಮೇಲಿನಿಂದ ಕೆಳಕ್ಕೆ ನಾಲ್ಕು ಮೆಟ್ಟಿಲು, ಕೊನೆಗೆ ಒಂದು ಬಿಕ್ಕಳಿಕೆ.

ಮಂಜಿನೊಳಗೆ ಯಾರೋ ನನ್ನ ಹಾಗೆ ನಕ್ಕಿದ್ದರು.

“ಅದು ನೀನೇ ಕಣೇ,” ಎಂದಳು ಅಮ್ಮ, ಏನೂ ವಿಶೇಷವಿಲ್ಲವೆಂಬಂತೆ.

ಅವನು ನನ್ನ ಕಡೆ ತಿರುಗಿದ. ಮೊದಲ ದಿನ ಏಣಿಯ ಪಕ್ಕ ನಿಂತಿದ್ದ ಅದೇ ಮುಖ. “ರೆಕಾರ್ಡಿಂಗಲ್ಲಿ ಸಿಳ್ಳೆ ಆದ ಮೇಲೆ ಇದೂ ಇತ್ತು. ಬೇರೆ ಯಾವುದೋ ಹಕ್ಕಿ ಅಡ್ಡ ಬಂತು ಅಂದ್ಕೊಂಡು ಕತ್ತರಿಸಿ ಬೇರೆ ಇಟ್ಟಿದ್ದೆ. ಎಸೆಯೋಕೆ ಮನಸ್ಸು ಬರಲಿಲ್ಲ. ಮನೇಲಿ ಒಬ್ನೇ ಇದ್ದಾಗ ಹಾಕ್ಕೊಂಡು ಕೇಳ್ತಿದ್ದೆ. ಯಾಕೆ ಅಂತ ಗೊತ್ತಿರಲಿಲ್ಲ.” “ನಿಮ್ಮನ್ನ ಎಲ್ಲೋ ಕೇಳಿದೀನಿ ಅಂದೆನಲ್ಲ. ನಿಮ್ಮನ್ನ ನೋಡೋ ಮುಂಚೆ ಆರು ತಿಂಗಳು ನಾನು ನಿಮ್ಮ ನಗೂನ ಪ್ರೀತಿಸ್ತಿದ್ದೆ. ಈಗ ನಿಮ್ಮನ್ನ ಪ್ರೀತಿಸ್ತೀನಿ. ಸಿಟ್ಟಿದೆ, ಹನ್ನೊಂದು ಪುಟದ ಸಿಟ್ಟು. ಆದ್ರೂ ಪ್ರೀತಿಸ್ತೀನಿ.”

“ಸಿಟ್ಟು ಎಷ್ಟು ದಿನ ಇರುತ್ತೆ?”

“ದಿನಕ್ಕೊಂದು ಪುಟ ಕಳೀರಿ.”

ನಾನು ಅಳುತ್ತಿದ್ದೆ, ನಗಲಾಗಲಿಲ್ಲ. ನನ್ನ ಪರವಾಗಿ ಹಕ್ಕಿಯೇ ಮತ್ತೊಮ್ಮೆ ನಕ್ಕಿತು. ಅವನು ನನ್ನ ಕೈ ಹಿಡಿದ. ಗ್ಲೌಸಿಲ್ಲದ ಅವನ ಕೈಯನ್ನು ಅವತ್ತೇ ಮೊದಲು ಮುಟ್ಟಿದ್ದು. ಒದ್ದೆಯಾಗಿತ್ತು, ಬೆಚ್ಚಗಿತ್ತು. “ಎರಡು ಸಲ ತೊಳೆದೇ ಬಂದಿದೀನಿ,” ಎಂದ ಕಿವಿಯ ಹತ್ತಿರ.

ಗೂಬೆಯ ನಿಜವಾದ ದನಿ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಅದು ಹದಿನೇಳನೇ ಡ್ರಾಯರಿನಲ್ಲಿ ಎರಡು ಚೀಟಿ ಕಟ್ಟಿಕೊಂಡು ಸುಮ್ಮನೆ ಮಲಗಿದೆ. ಅಂಗೈಯಷ್ಟು ಉದ್ದದ ಈ ಹಕ್ಕಿ ಮಾತ್ರ ನಮ್ಮ ಮನೆಯವರನ್ನೆಲ್ಲ ಗಂಟಲಲ್ಲಿಟ್ಟುಕೊಂಡು ಬದುಕಿದೆ.

ಹಿಂದಿರುಗುವಾಗ ಅಮ್ಮ ಮುಂದೆ ಮುಂದೆ ನಡೆದು ನಮಗಿಂತ ಮೊದಲೇ ಮನೆ ಸೇರಿದಳು. ನಾವು ಬಂದಾಗ ಅವಳು ಅಡುಗೆಮನೆಯಲ್ಲಿದ್ದಳು. ಅವನು ಗೇಟಿನ ಹೊರಗೇ ನಿಂತ.

“ನಾನು ಬರಬಹುದಾ?” ಎಂದು ಕೇಳಿದ, ಮೆಲ್ಲಗೆ, ನನಗೆ ಮಾತ್ರ ಕೇಳುವಷ್ಟು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮನ ದನಿ ಬಂತು. ಮಂಗಳವಾರ ಕೇಳಿದ ಅದೇ ದನಿ, ಅದೇ ಸಲೀಸು.

“ಬಂದ್ರಾ? ಬಾಗಿಲು ತೆಗೆದೇ ಇದೆ.”

ಯಾರಿಗೆ ಹೇಳಿದಳೆಂದು ನಾನು ಕೇಳಲಿಲ್ಲ, ಅವನೂ ಕೇಳಲಿಲ್ಲ. ಒಳಗೆ ಬರುವಾಗ ಅವನು ಒಮ್ಮೆ ಹಿಂದಿರುಗಿ ನೋಡಿ, ಗೇಟಿನ ಚಿಲಕ ಹಾಕದೆ ಹಾಗೇ ಬಿಟ್ಟ.